ಎದೆಯೊಳಗಿನ ತಂತಿ: ಕಾಯುವ ಬಗೆ, ತೆಗೆಯುವ ಹೊತ್ತು

ಕಳೆದ ಶ್ರಾವಣದಲ್ಲಿ ನಮ್ಮ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಆಸ್ಪತ್ರೆಯ ಕಾಗದವೊಂದನ್ನು ಹಿಡಿದುಕೊಂಡು ಬಂದ. "ಸರ, ನಮ್ಮ ಮುತ್ಯಾನ ಎದಿಯೊಳಗ ಸೀಸ ಹ್ಯಾಂಗ ಹೋತ್ರಿ?" ಎಂಬುದು ಅವನ ಪ್ರಶ್ನೆ. ಕಾಗದದಲ್ಲಿ ಇಂಗ್ಲಿಷಿನಲ್ಲಿ ‘ಲೀಡ್ ಎಕ್ಸ್‌ಟ್ರಾಕ್ಷನ್’ ಎಂದು ಬರೆದಿತ್ತು. ಅವನ ಮೊಬೈಲು ಅದನ್ನು ‘ಸೀಸದ ಹೊರತೆಗೆಯುವಿಕೆ’ ಎಂದು ಕನ್ನಡಿಸಿತ್ತು. ಮುತ್ಯಾನಿಗೆ ಒಂಬತ್ತು ವರ್ಷಗಳ ಹಿಂದೆ ಪೇಸ್‌ಮೇಕರ್ ಅಳವಡಿಸಿದ್ದರು. ಕೆಲವು ತಿಂಗಳುಗಳಿಂದ ಯಂತ್ರದ ಮೇಲಿನ ಚರ್ಮ ಕೆಂಪಾಗಿ ತೆಳುವಾಗಿತ್ತು. ಮುಲಾಮು ಹಚ್ಚಿದರು, ಮಾತ್ರೆ ನುಂಗಿಸಿದರು. ಕೀವು ಒಣಗುತ್ತಿತ್ತು, ಮತ್ತೆ ಒಸರುತ್ತಿತ್ತು. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ವೈದ್ಯರು, ಯಂತ್ರವನ್ನೂ ಅದಕ್ಕೆ ಸೇರಿದ ಎರಡು ತಂತಿಗಳನ್ನೂ ಪೂರ್ತಿಯಾಗಿ ತೆಗೆಯಬೇಕೆಂದು ಮರಾಠಿಯಲ್ಲಿ ತಿಳಿಸಿದ್ದರು. ಮನೆಯವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಕೀವಾದದ್ದು ಚರ್ಮದ ಕೆಳಗಿನ ಡಬ್ಬಿಗೆ. ಚೆನ್ನಾಗಿ ಕೆಲಸ ಮಾಡುತ್ತಿರುವ ತಂತಿಗಳನ್ನು ಹೃದಯದೊಳಗಿನಿಂದ ಏಕೆ ಎಳೆಯಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಇದೆ. ಗಡಿಭಾಗದ ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್ ಎಂಬ ಮೂರು ದಡಗಳ ನಡುವೆ ಹಿರಿಯರನ್ನು ದಾಟಿಸುವ ಅಂಬಿಗರಾಗಿದ್ದಾರೆ. ಆದ್ದರಿಂದ ಈ ವಿಷಯವನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿಯುವ ಕನ್ನಡದಲ್ಲಿ ವಿವರಿಸುವುದು ಅನುಚಿತವಾಗಲಾರದು ಎಂದು ಭಾವಿಸಿದ್ದೇನೆ.

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ‘ಲೆಡ್’ ಎಂದು ಉಚ್ಚರಿಸಿದರೆ ಸೀಸವೆಂಬ ಲೋಹ. ಅದೇ ಅಕ್ಷರಗಳನ್ನು ‘ಲೀಡ್’ ಎಂದು ಉಚ್ಚರಿಸಿದರೆ ಒಯ್ಯುವುದು, ಮುನ್ನಡೆಸುವುದು ಎಂಬ ಅರ್ಥ. ವಿದ್ಯುತ್ತನ್ನು ಯಂತ್ರದಿಂದ ಹೃದಯಕ್ಕೂ ಹೃದಯದ ಸುದ್ದಿಯನ್ನು ಯಂತ್ರಕ್ಕೂ ಒಯ್ಯುವುದರಿಂದ ಇದು ಲೀಡ್. ಮರಾಠಿಯ ‘ತಾರ’, ಕನ್ನಡದ ‘ತಂತಿ’ ಇದಕ್ಕೆ ಸಹಜವಾಗಿ ಒಪ್ಪುತ್ತವೆ. ಈ ಲೇಖನದಲ್ಲಿ ತಂತಿಯೆಂದೇ ಕರೆಯುತ್ತೇನೆ.

ಡಬ್ಬಿ ಮತ್ತು ತಂತಿ

ಹೃದಯದ ಬಡಿತ ಅದರದೇ ಸ್ವಂತ ವಿದ್ಯುತ್ ಪ್ರಚೋದನೆಯಿಂದ ನಡೆಯುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟುವ ಪ್ರಚೋದನೆ ಕೆಳಗಿನ ಹೃತ್ಕುಕ್ಷಿಗಳಿಗೆ ಹರಿದು ಸ್ನಾಯು ಸಂಕುಚಿಸುತ್ತದೆ. ಈ ಪ್ರಚೋದನೆ ಹುಟ್ಟುವುದು ನಿಧಾನವಾದರೆ ಅಥವಾ ಹಾದಿಯಲ್ಲಿ ತಡೆಯುಂಟಾದರೆ ಬಡಿತ ಕುಗ್ಗಿ ತಲೆ ಸುತ್ತುವುದು, ಪ್ರಜ್ಞೆ ತಪ್ಪುವುದು ಸಂಭವಿಸುತ್ತದೆ. ಅಂಥವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಪ್ರಾಣಾಂತಕವಾದ ವೇಗದ ಬಡಿತವನ್ನು ಗುರುತಿಸಿ ಆಘಾತ ಕೊಟ್ಟು ಸರಿಪಡಿಸುವ ಇನ್ನೊಂದು ಯಂತ್ರಕ್ಕೆ ಡಿಫಿಬ್ರಿಲೇಟರ್ ಎಂದು ಹೆಸರು. ದುರ್ಬಲಗೊಂಡ ಹೃದಯದ ಎಡ ಬಲ ಭಾಗಗಳನ್ನು ಒಂದೇ ಲಯಕ್ಕೆ ತರುವ ಮೂರನೆಯ ಬಗೆಯ ಯಂತ್ರಕ್ಕೆ ಸಾಮಾನ್ಯವಾಗಿ ಮೂರು ತಂತಿಗಳಿರುತ್ತವೆ.

ಇವೆಲ್ಲದರ ರಚನೆ ಒಂದೇ ತೆರನಾದದ್ದು. ಬ್ಯಾಟರಿಯೂ ಸೂಕ್ಷ್ಮ ವಿದ್ಯುನ್ಮಂಡಲವೂ ಇರುವ ಲೋಹದ ಡಬ್ಬಿಯನ್ನು ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಮಾಡಿದ ಸಣ್ಣ ಚೀಲದಂಥ ಜಾಗದಲ್ಲಿ ಇಡುತ್ತಾರೆ. ಅಲ್ಲಿಂದ ಸುಮಾರು ಎರಡು ಮಿಲಿಮೀಟರ್ ದಪ್ಪದ ತಂತಿ ಹೆಗಲಿನ ಬಳಿಯ ಅಭಿಧಮನಿಯನ್ನು ಹೊಕ್ಕು, ಎದೆಯ ಮೇಲ್ಭಾಗದ ಮಹಾಭಿಧಮನಿಯ ಮೂಲಕ ಇಳಿದು, ಬಲ ಹೃತ್ಕರ್ಣವನ್ನು ಸೇರುತ್ತದೆ. ಹೃತ್ಕುಕ್ಷಿಗೆ ಹೋಗುವ ತಂತಿಯಾದರೆ ತ್ರಿದಳ ಕವಾಟವನ್ನೂ ದಾಟಿ ಒಳಗೋಡೆಗೆ ತುದಿಯೂರುತ್ತದೆ. ತುದಿಯನ್ನು ಸಣ್ಣ ಕೊಕ್ಕೆಗಳಿಂದಲೋ ತಿರುಪಿನಿಂದಲೋ ಸ್ನಾಯುವಿಗೆ ನಿಲ್ಲಿಸಿರುತ್ತಾರೆ.

ಡಬ್ಬಿಯ ಬ್ಯಾಟರಿ ಸಾಮಾನ್ಯವಾಗಿ 7ರಿಂದ 12 ವರ್ಷ ಬಾಳುತ್ತದೆ. ಮುಗಿದಾಗ ಚರ್ಮವನ್ನು ಬಿಡಿಸಿ, ಹಳೆಯ ಡಬ್ಬಿಯನ್ನು ತೆಗೆದು, ಹೊಸದನ್ನು ಅದೇ ತಂತಿಗಳಿಗೆ ಜೋಡಿಸುತ್ತಾರೆ. ಜನ ಇದನ್ನು ‘ಸೆಲ್ ಬದಲಿಸುವುದು’ ಎನ್ನುತ್ತಾರೆ. ಡಬ್ಬಿ ಹೀಗೆ ಬಂದು ಹೋಗುವ ಅತಿಥಿ, ತಂತಿಯಾದರೋ ಒಕ್ಕಲಾದದ್ದು. ಮುಂದಿನ ಎಲ್ಲ ತೊಡಕುಗಳೂ ಈ ವ್ಯತ್ಯಾಸದಿಂದ ಹುಟ್ಟುತ್ತವೆ.

ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರ್ ಅನ್ನು 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಗೆ ಅಳವಡಿಸಲಾಯಿತು. ಯಂತ್ರವನ್ನು ರೂಪಿಸಿದವರು ರೂನೆ ಎಲ್ಮ್‌ಕ್ವಿಸ್ಟ್, ಶಸ್ತ್ರಕ್ರಿಯೆ ನಡೆಸಿದವರು ಓಕೆ ಸೆನ್ನಿಂಗ್. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಲಾರ್ಸನ್ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು 2001ರವರೆಗೆ, ತಮ್ಮ 86ನೆಯ ವಯಸ್ಸಿನವರೆಗೆ ಬದುಕಿದರು. ಆಗ ಎದೆಯನ್ನು ತೆರೆದು ತಂತಿಯನ್ನು ಹೃದಯದ ಹೊರಮೈಗೆ ಹೊಲಿಯುತ್ತಿದ್ದರು. 1960ರ ದಶಕದಲ್ಲಿ ಅಭಿಧಮನಿಯ ಮೂಲಕ ತಂತಿಯನ್ನು ಒಳಗಿಳಿಸುವ ಕ್ರಮ ಬಳಕೆಗೆ ಬಂದಿತು. ಎದೆ ತೆರೆಯುವ ಅಗತ್ಯ ತಪ್ಪಿದ್ದರಿಂದ ಲಕ್ಷಾಂತರ ಜನರಿಗೆ ಈ ಚಿಕಿತ್ಸೆ ಎಟುಕಿತು. ಅದರ ಜೊತೆಗೆ ರಕ್ತನಾಳದೊಳಗೆ ದಶಕಗಳ ಕಾಲ ಉಳಿಯುವ ತಂತಿಯೆಂಬ ಹೊಸ ಸಮಸ್ಯೆಯೂ ಹುಟ್ಟಿಕೊಂಡಿತು.

ತಂತಿಯ ದುಡಿಮೆ

ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ 1,00,800 ಬಡಿತ. ಹತ್ತು ವರ್ಷಗಳಲ್ಲಿ ಅದು 36 ಕೋಟಿಯನ್ನು ಮೀರುತ್ತದೆ. ಅಷ್ಟೂ ಸಲ ತಂತಿ ಬಾಗಿ ನಿಮಿರುತ್ತದೆ. ತೋಳೆತ್ತಿದಾಗ, ಭಾರ ಹೊತ್ತಾಗ, ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕ ತಂತಿ ಅರೆಯಲ್ಪಡುವುದೂ ಉಂಟು. ಒಳಗೆ ಸುರುಳಿ ಸುತ್ತಿದ ಲೋಹದ ಎಳೆ, ಅದರ ಮೇಲೆ ಸಿಲಿಕೋನ್ ಅಥವಾ ಪಾಲಿಯುರೆಥೇನ್ ಹೊದಿಕೆ, ಇಷ್ಟೇ ಅದರ ಮೈಕಟ್ಟು. ಆದ್ದರಿಂದಲೇ ಇಡೀ ವ್ಯವಸ್ಥೆಯಲ್ಲಿ ತಂತಿಯೇ ಅತ್ಯಂತ ದುರ್ಬಲವಾದ ಕೊಂಡಿ ಎನ್ನುತ್ತಾರೆ.

ಒಳಗಿನ ಎಳೆ ತುಂಡಾದರೆ ವಿದ್ಯುತ್ ಪ್ರತಿರೋಧ ಏರುತ್ತದೆ. ಹೊದಿಕೆ ಸವೆದು ವಿದ್ಯುತ್ ಸೋರಿದರೆ ಅದು ಇಳಿಯುತ್ತದೆ. ನಿಯತವಾದ ತಪಾಸಣೆಯಲ್ಲಿ ವೈದ್ಯರು ಯಂತ್ರದ ಮೇಲೆ ಸಾಧನವೊಂದನ್ನಿಟ್ಟು ಓದುವ ಅಂಕಿಗಳಲ್ಲಿ ಇದು ಮುಖ್ಯವಾದದ್ದು. ‘ಮುತ್ಯಾ ಆರಾಮಾಗಿದ್ದಾರೆ, ತಪಾಸಣೆ ಏಕೆ’ ಎಂದು ವರ್ಷಗಟ್ಟಲೆ ಹೋಗದಿರುವ ಮನೆಗಳು ಅನೇಕ. ರೋಗಿ ಆರಾಮಾಗಿರುವಾಗಲೇ ತಂತಿ ಸವೆಯುತ್ತಿರಬಹುದು. ಡಿಫಿಬ್ರಿಲೇಟರಿನ ತಂತಿ ಮುರಿದರೆ ಅಲ್ಲಿ ಹುಟ್ಟುವ ಗದ್ದಲವನ್ನು ಯಂತ್ರವು ಹೃದಯದ ಅಪಾಯಕಾರಿ ಬಡಿತವೆಂದೇ ತಿಳಿದು, ಎಚ್ಚರವಿರುವ ಮನುಷ್ಯನಿಗೆ ಮೇಲಿಂದ ಮೇಲೆ ಆಘಾತ ಕೊಡಬಹುದು.

ರೋಗಿಯ ಕೈಯಿಂದಲೂ ಕೇಡಾಗುವುದುಂಟು. ಚರ್ಮದಡಿಯ ಡಬ್ಬಿಯನ್ನು ಬೆರಳಿನಿಂದ ಹೊರಳಿಸುತ್ತ ಕೂರುವ ಅಭ್ಯಾಸವಾದರೆ ತಂತಿ ರಾಟೆಗೆ ನೂಲು ಸುತ್ತಿದಂತೆ ಡಬ್ಬಿಗೆ ಸುತ್ತಿಕೊಂಡು, ತುದಿ ಹೃದಯದಿಂದ ಕಿತ್ತುಬರುತ್ತದೆ. ಅಳವಡಿಸಿದ ಮೊದಲ ಕೆಲವು ವಾರ ಆ ಬದಿಯ ತೋಳನ್ನು ಹೆಗಲಿಗಿಂತ ಮೇಲೆತ್ತಬಾರದು, ಭಾರ ಎತ್ತಬಾರದು ಎಂದು ವೈದ್ಯರು ಹೇಳುವುದು ಇದೇ ತುದಿ ನೆಲೆಯೂರಲೆಂದು.

ದೇಹದ ಅಪ್ಪುಗೆ

ಇಷ್ಟೊಂದು ತೊಡಕಿದ್ದರೆ ಹಳೆಯ ತಂತಿಯನ್ನು ಎಳೆದು ಹೊಸದನ್ನು ಹಾಕಬಾರದೇಕೆ ಎಂದು ಕೇಳಬಹುದು. ನಮ್ಮ ಕಡೆಯ ಹಳೆಯ ವಾಡೆಗಳ ಗೋಡೆಗಳಲ್ಲಿ ಅರಳಿಯ ಸಸಿ ಹುಟ್ಟುವುದನ್ನು ನೀವು ಕಂಡಿದ್ದೀರಿ. ಎರಡೆಲೆಯಿರುವಾಗ ಕಿತ್ತರೆ ಎರಡು ಬೆರಳಿಗೆ ಬರುತ್ತದೆ. ಹತ್ತು ವರ್ಷ ಬಿಟ್ಟು ಎಳೆದರೆ ಬೇರಿನೊಡನೆ ಗೋಡೆಯ ಕಲ್ಲೂ ಬರುತ್ತದೆ. ಎದೆಯೊಳಗಿನ ತಂತಿಯ ಸ್ಥಿತಿ ಬಹುಮಟ್ಟಿಗೆ ಇಂಥದೇ. ಇಲ್ಲಿ ಬೇರು ಬಿಡುವುದು ಮಾತ್ರ ತಂತಿಯಲ್ಲ, ದೇಹ. ಹೊರಗಿನ ವಸ್ತುವೊಂದು ಒಳಗೆ ಬಂದರೆ ದೇಹವು ಅದರ ಸುತ್ತ ನಾರಿನಂಥ ಅಂಗಾಂಶವನ್ನು ಹೆಣೆದು ಕಟ್ಟಿಹಾಕುತ್ತದೆ. ತಂತಿ ನಾಳವನ್ನು ಹೊಗುವಲ್ಲಿ, ಮಹಾಭಿಧಮನಿಯ ಗೋಡೆಗೆ ಒರಗುವಲ್ಲಿ, ಕವಾಟದ ಬಳಿ, ತುದಿಯಿರುವ ಸ್ನಾಯುವಿನಲ್ಲಿ ಈ ಹೆಣಿಗೆ ದಟ್ಟವಾಗುತ್ತದೆ. ಎರಡು ತಂತಿಗಳಿದ್ದರೆ ಅವೆರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ.

ಈ ಕಾರಣದಿಂದ ವೈದ್ಯರು ಒಂದು ವರ್ಷವನ್ನು ಗಡಿಯಾಗಿ ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಹೊಸದಾದ ತಂತಿ ಸಾಮಾನ್ಯವಾಗಿ ಮೆಲ್ಲನೆ ಎಳೆದರೆ ಬರುತ್ತದೆ. ವರ್ಷ ದಾಟಿದ ಅಥವಾ ವಿಶೇಷ ಸಾಧನಗಳಿಲ್ಲದೆ ಬಾರದ ತಂತಿಯನ್ನು ತೆಗೆಯುವುದಕ್ಕೆ ಮಾತ್ರ ‘ಎಕ್ಸ್‌ಟ್ರಾಕ್ಷನ್’ ಎಂಬ ಹೆಸರು ಸಲ್ಲುತ್ತದೆ. ಅಂಟಿದ ನಾಳದ ಗೋಡೆ ಹರಿಯಬಹುದೆಂಬುದೇ ಇಲ್ಲಿರುವ ಭಯ.

ಯಾವಾಗ ತೆಗೆಯಲೇಬೇಕು

ಎರಡು ಸನ್ನಿವೇಶಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಒಂದು ಸೋಂಕು, ಇನ್ನೊಂದು ಸೋಂಕಿಲ್ಲದ ಕೆಡುಕು.

ಸೋಂಕಿನ ವಿಷಯದಲ್ಲಿ ವೈದ್ಯಲೋಕದ ನಿಲುವು ಸ್ಪಷ್ಟವಾಗಿದೆ. ಡಬ್ಬಿಯ ಜಾಗಕ್ಕೆ ಸೋಂಕು ತಗುಲಿದರೂ, ತಂತಿಯ ಮೇಲೆ ಅಥವಾ ಕವಾಟದ ಮೇಲೆ ಸೋಂಕಿನ ಗೆಡ್ಡೆ ಬೆಳೆದರೂ, ಡಬ್ಬಿಯನ್ನೂ ಎಲ್ಲ ತಂತಿಗಳನ್ನೂ ಪೂರ್ತಿಯಾಗಿ ತೆಗೆಯಬೇಕು. ಕಾರಣ ಹೀಗಿದೆ. ಇಂಥ ಸೋಂಕಿಗೆ ಬಹಳ ಸಲ ಕಾರಣವಾಗುವುದು ಚರ್ಮದ ಮೇಲೆ ಸಹಜವಾಗಿಯೇ ವಾಸಿಸುವ ಸ್ಟ್ಯಾಫಿಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ. ನಿರ್ಜೀವ ವಸ್ತುವಿನ ಮೇಲೆ ನೆಲೆಸಿದಾಗ ಅವು ಲೋಳೆಯಂಥ ಪೊರೆಯೊಂದನ್ನು ಕಟ್ಟಿಕೊಂಡು ಅದರಡಿಯಲ್ಲಿ ಬಾಳುತ್ತವೆ. ರಕ್ತದಲ್ಲಿ ಹರಿದು ಬರುವ ಔಷಧಿ ಆ ಪೊರೆಯೊಳಗಿನವುಗಳನ್ನು ಪೂರ್ತಿಯಾಗಿ ಕೊಲ್ಲಲಾರದು. ಸ್ವಂತ ರಕ್ತಸಂಚಾರವಿಲ್ಲದ ತಂತಿಯ ಮೇಲೆ ದೇಹದ ರಕ್ಷಣಾಕಣಗಳೂ ಹೆಚ್ಚೇನೂ ಮಾಡಲಾರವು. ಮಾತ್ರೆ ನುಂಗಿದಾಗ ಕೀವು ಒಣಗಿದಂತೆ ಕಂಡು ನಿಲ್ಲಿಸಿದಾಗ ಮರಳುವುದು ಇದರಿಂದಲೇ. ಡಬ್ಬಿಯನ್ನು ಮಾತ್ರ ತೆಗೆದು ತಂತಿಯನ್ನು ಬಿಟ್ಟರೂ ಫಲ ಅದೇ. ಡಬ್ಬಿ ಮತ್ತು ಹೃದಯದ ನಡುವೆ ತಂತಿಯೇ ಸೇತುವೆ. ಸೋಂಕು ಅದರ ಗುಂಟ ಒಳಗೆ ಇಳಿಯುತ್ತದೆ. ಮುತ್ಯಾನ ಮನೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕೀವು ಕಾಣಲೇಬೇಕೆಂದಿಲ್ಲ. ಚರ್ಮ ಸವೆದು ಡಬ್ಬಿಯ ಅಂಚೋ ತಂತಿಯೋ ಹೊರಗೆ ಕಂಡರೆ, ನೋವಿಲ್ಲದಿದ್ದರೂ ಜ್ವರವಿಲ್ಲದಿದ್ದರೂ ಅದನ್ನು ಸೋಂಕೆಂದೇ ಪರಿಗಣಿಸುತ್ತಾರೆ. ಕಾರಣ ತಿಳಿಯದ, ಚಳಿಯೊಡನೆ ಬಂದು ಹೋಗುವ ಜ್ವರ ಯಂತ್ರವಿರುವವರಲ್ಲಿ ತಂತಿಯ ಸೋಂಕಿನ ಲಕ್ಷಣವಾಗಿರಬಹುದು. ಮೇಲಿನ ಚರ್ಮ ಪೂರ್ತಿ ಚೆನ್ನಾಗಿದ್ದರೂ ಸಹ. ಇಂಥ ಸಂದರ್ಭದಲ್ಲಿ ಔಷಧಿ ಆರಂಭಿಸುವ ಮೊದಲೇ ರಕ್ತವನ್ನು ಕಲ್ಚರ್ ಪರೀಕ್ಷೆಗೆ ತೆಗೆಯಬೇಕು. ಮೊದಲೇ ಮಾತ್ರೆ ನುಂಗಿದ್ದರೆ ಯಾವ ಬ್ಯಾಕ್ಟೀರಿಯಾ ಎಂಬುದು ಪತ್ತೆಯಾಗದೆ ಹೋಗಬಹುದು. ಅನ್ನನಾಳದ ಮೂಲಕ ನಡೆಸುವ ಎಕೋ ಪರೀಕ್ಷೆಯಿಂದ ತಂತಿಯ ಮೇಲೆ ಮತ್ತು ಕವಾಟದ ಮೇಲೆ ಏನಾದರೂ ಬೆಳೆದಿದೆಯೇ ಎಂದು ನೋಡುತ್ತಾರೆ. ಊದಿಕೊಂಡ ಜಾಗಕ್ಕೆ ಸೂಜಿ ಚುಚ್ಚಿ ನೀರು ತೆಗೆಸುವುದು ಮಾತ್ರ ಸಲ್ಲದು. ಸೋಂಕಿಲ್ಲದ ಊತಕ್ಕೂ ಅದರಿಂದ ಸೋಂಕು ತಗುಲಬಹುದು.

ನಿಲುವು ಇಷ್ಟು ಸ್ಪಷ್ಟವಾಗಿದ್ದರೂ ಆಚರಣೆ ಹಿಂದುಳಿದಿದೆ. ಅಮೆರಿಕದ ಮೆಡಿಕೇರ್ ವಿಮೆಯ ದಾಖಲೆಗಳನ್ನು ಪರಿಶೀಲಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಯಂತ್ರಕ್ಕೆ ಸೋಂಕು ತಗುಲಿದ ಐವರಲ್ಲಿ ಸುಮಾರು ನಾಲ್ವರಿಗೆ ಒಂದು ತಿಂಗಳೊಳಗೆ ತಂತಿ ತೆಗೆಯುವ ಚಿಕಿತ್ಸೆ ದೊರೆತಿರಲಿಲ್ಲವೆಂದು ಕಂಡುಬಂತು. ಬೇಗನೆ ತೆಗೆಸಿಕೊಂಡವರಲ್ಲಿ ಒಂದು ವರ್ಷದೊಳಗಿನ ಮರಣ ಕಡಿಮೆಯಿತ್ತು. ಅಷ್ಟು ಅನುಕೂಲವಿರುವ ದೇಶದಲ್ಲಿಯೇ ಹೀಗಿರುವಾಗ, ಮುಲಾಮಿನಲ್ಲಿ ತಿಂಗಳುಗಳನ್ನು ಕಳೆದ ನಮ್ಮ ಹಳ್ಳಿಯ ಮನೆಯೊಂದನ್ನು ದೂರುವುದು ಸರಿಯಾಗಲಾರದು.

ತೂಗಿ ನೋಡಬೇಕಾದ ಸಂದರ್ಭ

ಸೋಂಕಿಲ್ಲದೆ ತಂತಿ ಕೆಟ್ಟಾಗ ಉತ್ತರ ಇಷ್ಟು ನೇರವಲ್ಲ. ಆಗ ಮೂರು ಹಾದಿಗಳಿವೆ: ಕೆಟ್ಟ ತಂತಿಗೆ ಮುಚ್ಚಳ ಹಾಕಿ ಅಲ್ಲಿಯೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಇಳಿಸುವುದು, ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು, ಕೆಡುಕು ಸಣ್ಣದಾಗಿದ್ದರೆ ಯಂತ್ರದ ಹೊಂದಾಣಿಕೆಯನ್ನು ಬದಲಿಸಿ ಕಾಯುವುದು. ಬಿಟ್ಟ ತಂತಿ ಆ ಹೊತ್ತಿಗೆ ತೊಂದರೆ ಕೊಡದಿದ್ದರೂ ನಾಳದಲ್ಲಿ ಜಾಗ ಹಿಡಿಯುತ್ತದೆ, ಎಂ.ಆರ್.ಐ. ಪರೀಕ್ಷೆಗೆ ಅಡ್ಡಿಯಾಗಬಹುದು, ಮುಂದೆ ಸೋಂಕಾದರೆ ಇನ್ನಷ್ಟು ಹಳತಾದ ಅದನ್ನೂ ತೆಗೆಯಬೇಕಾಗುತ್ತದೆ. 85 ವರ್ಷದ ಹಿರಿಯರಲ್ಲಿ ಅದನ್ನು ಬಿಡುವುದೇ ವಿವೇಕವಾಗಿರಬಹುದು. ಇನ್ನೂ ಐದಾರು ಸಲ ಡಬ್ಬಿ ಬದಲಿಸಬೇಕಾದ 25ರ ತರುಣನಲ್ಲಿ ಈಗಲೇ ತೆಗೆಯುವುದು ವಿವೇಕವಾಗಿರಬಹುದು.

ಈ ತೂಗುವಿಕೆಗೆ ಪ್ರಸಿದ್ಧ ನಿದರ್ಶನವೊಂದಿದೆ. ಸ್ಪ್ರಿಂಟ್ ಫಿಡೆಲಿಸ್ ಎಂಬ ಹೆಸರಿನ ತೆಳುವಾದ ಡಿಫಿಬ್ರಿಲೇಟರ್ ತಂತಿಗಳು ನಿರೀಕ್ಷೆಗಿಂತ ಹೆಚ್ಚಾಗಿ ಮುರಿಯುತ್ತಿವೆಯೆಂದು ತಿಳಿದು, 2007ರ ಅಕ್ಟೋಬರಿನಲ್ಲಿ ಮೆಡ್‌ಟ್ರಾನಿಕ್ ಕಂಪನಿ ಅವುಗಳ ಮಾರಾಟವನ್ನು ನಿಲ್ಲಿಸಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 2,68,000 ತಂತಿಗಳು ಜನರ ಎದೆಯನ್ನು ಸೇರಿದ್ದವು. ಸುದ್ದಿ ಕೇಳಿದವರು ತಮ್ಮದನ್ನು ಕೂಡಲೇ ತೆಗೆಸಿಬಿಡಬೇಕೆಂದು ಬಯಸಿದ್ದು ಸಹಜ. ಆದರೆ ಚೆನ್ನಾಗಿ ನಡೆಯುತ್ತಿರುವ ತಂತಿಯನ್ನು ಮುಂದೆ ಮುರಿದೀತೆಂಬ ಭಯದಿಂದ ಎಲ್ಲರಲ್ಲೂ ತೆಗೆಯಬಾರದೆಂಬ ಸಲಹೆ ಹೊರಟಿತು. ಮುರಿಯುವ ಅಪಾಯಕ್ಕಿಂತ ತೆಗೆಯುವ ಅಪಾಯ ಬಹಳ ಜನರಲ್ಲಿ ಹೆಚ್ಚೆಂಬ ಲೆಕ್ಕ ಅದರ ಹಿಂದಿತ್ತು. ಮುರಿತದ ಸುಳಿವು ಸಿಕ್ಕೊಡನೆ ಸದ್ದು ಮಾಡಿ ಎಚ್ಚರಿಸುವಂತೆ ಯಂತ್ರಗಳ ತಂತ್ರಾಂಶವನ್ನು ತಿದ್ದಿ ಕಾಯಲಾಯಿತು. ಸೋಂಕಿದ್ದಾಗ ಕಾಯುವುದು ತಪ್ಪು. ಸೋಂಕಿಲ್ಲದಾಗ ಅವಸರಪಡುವುದು ತಪ್ಪಾಗಬಹುದು. ಈ ಭೇದವೊಂದನ್ನು ನೆನಪಿಟ್ಟರೂ ಸಾಕು.

ತೆಗೆಯುವ ಕ್ರಮ

ಮೊದಲಿನ ದಿನಗಳಲ್ಲಿ ತಂತಿಯ ಹೊರತುದಿಗೆ ದಾರ ಕಟ್ಟಿ, ಗಾಲಿಯ ಮೇಲೆ ಹಾಯಿಸಿ, ತೂಕ ತೂಗಬಿಟ್ಟು ದಿನಗಟ್ಟಲೆ ಕಾಯುತ್ತಿದ್ದರು. ಬರಿಯ ಎಳೆತ ಅಪಾಯಕಾರಿ. ತಂತಿ ನಡುವೆ ತುಂಡಾಗಬಹುದು. ತುದಿಯೊಡನೆ ಹೃದಯದ ಗೋಡೆಯೂ ಎಳೆದು ಬರಬಹುದು. 1980ರ ದಶಕದಿಂದ ಈಚೆಗೆ ಬೆಳೆದ ವಿಧಾನದ ಹುರುಳು ಎಳೆತ ಮತ್ತು ಎದುರೊತ್ತು ಎಂಬ ಎರಡು ಮಾತುಗಳಲ್ಲಿದೆ. ಅರಳಿಯ ಬೇರನ್ನು ಒಂದು ಕೈಯಿಂದ ಎಳೆಯುವಾಗ ಇನ್ನೊಂದು ಕೈಯಿಂದ ಗೋಡೆಯನ್ನು ಒತ್ತಿಹಿಡಿಯುವಂತೆ.

ಚಿಕಿತ್ಸೆಗೆ ಮುಂಚೆ ಎಕ್ಸ್‌ರೇ, ಎಕೋ, ಬೇಕಾದಲ್ಲಿ ಸಿ.ಟಿ. ಪರೀಕ್ಷೆಗಳಿಂದ ತಂತಿಯ ಹಾದಿಯನ್ನು ಅರಿಯುತ್ತಾರೆ. ಯಂತ್ರವಿಲ್ಲದೆ ಹೃದಯ ತಾನಾಗಿ ಬಡಿಯುವುದೇ ಎಂದು ನೋಡಿ, ಇಲ್ಲವಾದರೆ ತಾತ್ಕಾಲಿಕ ತಂತಿಯೊಂದನ್ನು ಇಳಿಸಿರುತ್ತಾರೆ. ರಕ್ತವನ್ನು ಸಿದ್ಧವಾಗಿ ಇಟ್ಟುಕೊಳ್ಳುತ್ತಾರೆ. ಡಬ್ಬಿಯನ್ನು ತೆಗೆದ ಮೇಲೆ ತಂತಿಯ ಹೊರತುದಿಯನ್ನು ಕತ್ತರಿಸಿ, ಅದರ ಒಳಗಿನ ಟೊಳ್ಳಿನಲ್ಲಿ ತೆಳುವಾದ ಬಲಿಷ್ಠ ಸರಿಗೆಯನ್ನು ಹೊಗಿಸಿ, ಉದ್ದಕ್ಕೂ ಒಳಗಿನಿಂದ ಬಿಗಿಹಿಡಿಯುವಂತೆ ಮಾಡುತ್ತಾರೆ. ಈಗ ಎಳೆದರೆ ಎಳೆತ ತುದಿಯವರೆಗೂ ಮುಟ್ಟುತ್ತದೆ, ತಂತಿ ನಡುವೆ ಹರಿಯುವ ಭಯ ತಗ್ಗುತ್ತದೆ. ಬಳಿಕ ತಂತಿಯನ್ನು ಒಳಗಿಟ್ಟುಕೊಂಡು ಜಾರುವ ಕೊಳವೆಯೊಂದನ್ನು ಅದರ ಮೇಲೆ ಮೆಲ್ಲನೆ ಮುಂದಕ್ಕೆ ಸರಿಸುತ್ತಾರೆ. ಅಂಟಿದ ಅಂಗಾಂಶವನ್ನು ಬಿಡಿಸಲು ಕೆಲವು ಕೊಳವೆಗಳ ಬಾಯಲ್ಲಿ ತಿರುಗುವ ಹಲ್ಲಿನ ಅಂಚಿರುತ್ತದೆ. ಕೆಲವಕ್ಕೆ 308 ನ್ಯಾನೊಮೀಟರ್ ತರಂಗದ ಲೇಸರ್ ಬೆಳಕಿನ ಉಂಗುರವಿರುತ್ತದೆ. ಈ ಬೆಳಕು ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು ಆಳಕ್ಕೆ ಮಾತ್ರ ತಾಗಿ ಅಂಗಾಂಶವನ್ನು ಕರಗಿಸುತ್ತದೆ. ಕೊಳವೆ ತುದಿಯ ಸಮೀಪ ತಲುಪಿದಾಗ ಅದರ ಅಂಚಿನಿಂದ ಹೃದಯದ ಗೋಡೆಗೆ ಎದುರೊತ್ತು ಕೊಟ್ಟು ಎಳೆದರೆ, ಗೋಡೆ ನಿಂತು ತಂತಿ ಬಿಡಿಸಿಕೊಂಡು ಬರುತ್ತದೆ. ಮೇಲಿನಿಂದ ಬಾರದ ತುಂಡನ್ನು ತೊಡೆಯ ಸಂದಿನ ಅಭಿಧಮನಿಯ ಮೂಲಕ ಕುಣಿಕೆ ಹಾಕಿ ಹಿಡಿಯುತ್ತಾರೆ.

ಅಪಾಯವನ್ನು ಮರೆಮಾಚಬಾರದು. ಮಹಾಭಿಧಮನಿ ಹರಿದರೆ ಎದೆಯೊಳಗೆ ರಕ್ತ ತುಂಬುತ್ತದೆ. ಹೃದಯಕ್ಕೆ ರಂಧ್ರವಾದರೆ ಅದರ ಹೊರಚೀಲದಲ್ಲಿ ರಕ್ತ ತುಂಬಿ ಬಡಿತವನ್ನು ಅದುಮುತ್ತದೆ. ಆಗ ಉಳಿಸಲು ಇರುವುದು ಕೆಲವೇ ನಿಮಿಷಗಳ ಅವಕಾಶ. ಆದ್ದರಿಂದ ಎದೆ ತೆರೆಯಬಲ್ಲ ಹೃದಯ ಶಸ್ತ್ರಚಿಕಿತ್ಸಕರು ಅದೇ ಕಟ್ಟಡದಲ್ಲಿ ಸಿದ್ಧವಾಗಿರುವ ಕಡೆಯಲ್ಲಿ ಮಾತ್ರ ಇದು ನಡೆಯಬೇಕು. ಹರಿದ ನಾಳವನ್ನು ಒಳಗಿನಿಂದ ತಾತ್ಕಾಲಿಕವಾಗಿ ಮುಚ್ಚಿ ಸಮಯ ಗಳಿಸಿಕೊಡುವ ಬಲೂನುಗಳೂ ಈಚೆಗೆ ಬಳಕೆಗೆ ಬಂದಿವೆ.

ಯುರೋಪಿನ 19 ದೇಶಗಳ 73 ಕೇಂದ್ರಗಳಲ್ಲಿ ಸುಮಾರು 3,500 ರೋಗಿಗಳನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಎಲೆಕ್ಟ್ರಾ ಅಧ್ಯಯನದಲ್ಲಿ, ಚಿಕಿತ್ಸೆಗೆ ಸಂಬಂಧಿಸಿದ ಗಂಭೀರ ತೊಡಕು ಆಸ್ಪತ್ರೆಯಲ್ಲಿರುವಾಗ ಕಂಡದ್ದು ಶೇ. 1.7ರಷ್ಟು ರೋಗಿಗಳಲ್ಲಿ, ಅದರಿಂದ ಮೃತರಾದವರು ಶೇ. 0.5. ಯಶಸ್ಸಿನ ಪ್ರಮಾಣ ಶೇ. 96ನ್ನು ಮೀರಿತ್ತು. ಇಂಥ ಚಿಕಿತ್ಸೆಯನ್ನು ಕಡಿಮೆ ಸಂಖ್ಯೆಯಲ್ಲಿ ನಡೆಸುವ ಕೇಂದ್ರಗಳಲ್ಲಿ ತೊಡಕೂ ಮರಣವೂ ಹೆಚ್ಚೆಂಬುದು ಅದೇ ಅಧ್ಯಯನದಿಂದ ತಿಳಿದ ಇನ್ನೊಂದು ಸಂಗತಿ. ಪೇಸ್‌ಮೇಕರ್ ಹಾಕಬಲ್ಲ ಎಲ್ಲ ಆಸ್ಪತ್ರೆಗಳೂ ತಂತಿ ತೆಗೆಯಬಲ್ಲವಲ್ಲ. ನಮ್ಮ ಊರಿನ ವೈದ್ಯರು ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಹೋಗಿರೆಂದು ಬರೆದುಕೊಟ್ಟರೆ ಅದನ್ನು ಕೈಚೆಲ್ಲಿದರೆಂದು ತಿಳಿಯದೆ, ತಮ್ಮ ಮಿತಿಯನ್ನು ಅರಿತ ಪ್ರಾಮಾಣಿಕತೆಯೆಂದು ತಿಳಿಯಬೇಕು.

ತೆಗೆದ ಬಳಿಕ

ತೆಗೆದ ಕೂಡಲೇ ಹೊಸದನ್ನು ಹಾಕುವುದಿಲ್ಲ. ಮೊದಲಿಗೆ ಈ ರೋಗಿಗೆ ಯಂತ್ರ ಇನ್ನೂ ಬೇಕೇ ಎಂದು ಕೇಳಿಕೊಳ್ಳುತ್ತಾರೆ. ಕೆಲವರಿಗೆ ಬೇಡವೆಂದು ಕಾಣುವುದೂ ಉಂಟು. ಬೇಕಾದರೆ, ರಕ್ತದ ಕಲ್ಚರ್ ಪರೀಕ್ಷೆ ಕನಿಷ್ಠ 72 ಗಂಟೆ ಶುದ್ಧವಾಗಿ ಉಳಿದ ಮೇಲೆ, ಸಾಮಾನ್ಯವಾಗಿ ಎದೆಯ ಇನ್ನೊಂದು ಬದಿಯಲ್ಲಿ ಹಾಕುತ್ತಾರೆ. ಡಬ್ಬಿಯ ಜಾಗದ ಸೋಂಕಿಗೆ ಸುಮಾರು ಎರಡು ವಾರ, ರಕ್ತಕ್ಕೋ ಕವಾಟಕ್ಕೋ ಹಬ್ಬಿದ್ದರೆ ಹಲವು ವಾರಗಳ ಔಷಧಿ ನಡೆಯುತ್ತದೆ. ಕೆಲವರಿಗೆ ತಂತಿಯೇ ಇಲ್ಲದ ಯಂತ್ರವೂ ಸಾಧ್ಯ. ಎರಡು ಗ್ರಾಂ ಆಸುಪಾಸು ತೂಗುವ, ಮಾತ್ರೆಯಂಥ ಪೇಸ್‌ಮೇಕರ್ ಅನ್ನು ನೇರವಾಗಿ ಹೃತ್ಕುಕ್ಷಿಯೊಳಗೆ ನೆಡುವ ಕ್ರಮಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಆದರೆ ಅದು ಎಲ್ಲರ ಕಾಯಿಲೆಗೂ ಒಪ್ಪುವುದಿಲ್ಲ, ಬೆಲೆಯೂ ಹೆಚ್ಚು.

ಸೋಂಕನ್ನು ಬಾರದಂತೆ ತಡೆಯುವುದು ಇದೆಲ್ಲಕ್ಕಿಂತ ಮೇಲು. ಮೊದಲ ಸಲ ಅಳವಡಿಸುವುದಕ್ಕಿಂತ ಡಬ್ಬಿ ಬದಲಿಸುವಾಗ ಸೋಂಕಿನ ಸಂಭವ ಹೆಚ್ಚು. ಕತ್ತರಿಸುವ ಮುನ್ನ ರಕ್ತನಾಳಕ್ಕೆ ಪ್ರತಿಜೈವಿಕ ಔಷಧಿ ಕೊಡುವುದು, ಗಾಯದಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಮುಖ್ಯ. ಅಪಾಯ ಹೆಚ್ಚಿರುವವರಲ್ಲಿ ಔಷಧಿ ಲೇಪಿಸಿದ ಜಾಲರಿ ಚೀಲದಲ್ಲಿ ಡಬ್ಬಿಯನ್ನಿಟ್ಟರೆ ಗಂಭೀರ ಸೋಂಕು ಶೇ. 40ರಷ್ಟು ತಗ್ಗುತ್ತದೆಂದು ಸುಮಾರು 7,000 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ.

ನಾವು ಮಾಡಬಹುದಾದದ್ದು

ಮನೆಯಲ್ಲಿ ಇಂಥ ಯಂತ್ರವಿರುವ ಹಿರಿಯರಿದ್ದರೆ ವಿದ್ಯಾರ್ಥಿಗಳು ಈ ಕೆಲವನ್ನು ನೋಡಿಕೊಳ್ಳಬಹುದು. ಅಳವಡಿಸಿದಾಗ ಕೊಟ್ಟ ಕಾರ್ಡಿನಲ್ಲಿ ಡಬ್ಬಿಯ ಹೆಸರು ಮಾತ್ರವಲ್ಲ, ತಂತಿಗಳ ಹೆಸರು, ಸಂಖ್ಯೆ, ದಿನಾಂಕವೂ ಇರುತ್ತವೆ. ಅದರ ಚಿತ್ರವನ್ನು ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ತಪಾಸಣೆಯ ದಿನ ತಪ್ಪಿಸಬೇಡಿ. ಡಬ್ಬಿಯ ಮೇಲಿನ ಚರ್ಮ ಕೆಂಪಾದರೆ, ಬಿಸಿಯಾದರೆ, ತೆಳುವಾಗಿ ಹೊಳೆದರೆ, ಒಸರಿದರೆ, ಅಥವಾ ಕಾರಣವಿಲ್ಲದೆ ಚಳಿಜ್ವರ ಬಂದರೆ ಅರಿಶಿನ, ಮುಲಾಮು, ಅಂಗಡಿಯ ಮಾತ್ರೆ ಯಾವುದನ್ನೂ ಮಾಡದೆ ಯಂತ್ರ ಹಾಕಿದ ವೈದ್ಯರ ಬಳಿಗೆ ಕರೆದೊಯ್ಯಿರಿ. ತಂತಿ ತೆಗೆಯಬೇಕೆಂದರೆ, ಇದು ಸೋಂಕಿಗಾಗಿಯೋ ಬೇರೆ ಕಾರಣಕ್ಕೋ, ಇಲ್ಲಿ ವರ್ಷಕ್ಕೆ ಇಂಥವು ಎಷ್ಟು ನಡೆಯುತ್ತವೆ, ಹೃದಯ ಶಸ್ತ್ರಚಿಕಿತ್ಸಕರು ಅಂದು ಸ್ಥಳದಲ್ಲಿರುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು ಅದರಲ್ಲಿರುವುದನ್ನು ಹಿರಿಯರ ಮಾತಿನಲ್ಲಿ ಅವರಿಗೇ ಹೇಳಿ. ಯಂತ್ರದ ಅನುವಾದವನ್ನು ನಂಬಿ ಎದೆಯಲ್ಲಿ ಸೀಸವಿದೆಯೆಂದು ಹೇಳಿದರೆ ಅವರು ಯಾವುದಕ್ಕೆ ಒಪ್ಪಿದಂತಾಯಿತು?

ನನ್ನೆದುರಿಗೇ ಆ ಹುಡುಗ ಮುತ್ಯಾನಿಗೆ ಫೋನು ಹಚ್ಚಿದ. "ಮುತ್ಯಾ, ಸೀಸ ಗೀಸ ಏನೂ ಇಲ್ಲ. ಡಬ್ಬಿಗೆ ಕೀವು ಹತ್ತೇದ. ಅದು ತಂತಿ ಗುಂಟ ಎದಿಗಿ ಇಳೀತದ. ಗುಳಿಗಿಗೆ ಹೋಗೂದಿಲ್ಲ. ಅದಕ್ಕ ಎರಡೂ ತೆಗೀಬೇಕಂತ. ಅಪಾಯ ಅದ, ಖರೆ, ಬಿಟ್ರ ಅದಕ್ಕಿಂತ ಹೆಚ್ಚಿಂದ ಅದ." ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ. ಬಳಿಕ, "ಮೊದಲ ಹಿಂಗ ಹೇಳಿದ್ರ ಎಂದೋ ಹೂಂ ಅಂತಿದ್ನಲ್ಲೋ" ಎಂದ ಮುತ್ಯಾನ ದನಿ ನನಗೂ ಕೇಳಿಸಿತು. ದೀಪಾವಳಿಯ ಹೊತ್ತಿಗೆ ಅವರು ಎದೆಯ ಬಲಬದಿಯಲ್ಲಿ ಹೊಸ ಯಂತ್ರದೊಡನೆ ಊರಿಗೆ ಮರಳಿದರು.